‘ಲಯನ್ ಆಫ್ ದಿ ಡೆಸರ್ಟ್’ ಚಿತ್ರವನ್ನು ಕನ್ನಡದ ಜನರಿಗೆ ತೋರಿಸಿ: ಚಿತ್ರೋತ್ಸವದವರಿಗೆ, ಫಿಲ್ಮ್ ಸೊಸೈಟಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರು ಅಂತಾರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಚಿತ್ರ ಆರಿಸುವವರಿಗೆ, ಊರೂರಲ್ಲಿ ಕೈಯಿಂದ ದುಡ್ಡು ಹಾಕಿ ಫಿಲ್ಮ್ ಸೊಸೈಟಿ ನಡೆಸುವವರಿಗೆ ನಮಸ್ಕಾರ.

ನನ್ನದೊಂದು ಕೋರಿಕೆ. 1981ರಲ್ಲಿ ಬಂದ ‘ಲಯನ್ ಆಫ್ ದಿ ಡೆಸರ್ಟ್’ ಚಿತ್ರವನ್ನು ದೊಡ್ಡ ಪರದೆಯ ಮೇಲೆ, ಎಲ್ಲೂ ಕತ್ತರಿ ಹಾಕದೆ, ಕನ್ನಡ ಸಬ್‌ಟೈಟಲ್ ಜೊತೆ ತೋರಿಸಿ. ತೋರಿಸುವ ದಿನ ಒಬ್ಬ ವೀರನ ಕಥೆ ಅಂತ ಎರಡು ಮಾತು ಹೇಳಿ ಮುಗಿಸಬೇಡಿ. ಆ ಚಿತ್ರದ ನಡುವೆ ಮುಳ್ಳುತಂತಿಯ ಬೇಲಿಯೊಳಗೆ ಸಾವಿರಾರು ಜನ ಕೂತಿದ್ದಾರೆ. ಅವರ ಬಗ್ಗೆ ಮಾತಾಡಿ. ನಾನು ಈ ಪತ್ರ ಬರೆಯುತ್ತಿರುವುದೇ ಅವರಿಗಾಗಿ.

ಚಿತ್ರ ನೋಡದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ಲಿಬಿಯಾದ ಪೂರ್ವ ಭಾಗದ ಹೆಸರು ಸಿರೆನೈಕಾ. ಇಟಲಿಯ ಆಳ್ವಿಕೆಯ ವಿರುದ್ಧ ಅಲ್ಲಿ ಸುಮಾರು 20 ವರ್ಷ ಹೋರಾಟ ನಡೆಯಿತು. ಅದರ ಮುಂದಾಳು ಒಮರ್ ಮುಖ್ತಾರ್. ಕುರಾನ್ ಕಲಿಸುತ್ತಿದ್ದ ಮೇಷ್ಟ್ರು. ಹೋರಾಟದ ಕೊನೆಯ ವರ್ಷಗಳಲ್ಲಿ ಅವರಿಗೆ ಎಪ್ಪತ್ತರ ಆಸುಪಾಸು. ಆ ಪಾತ್ರದಲ್ಲಿ ಆಂಟನಿ ಕ್ವಿನ್ ಇದ್ದಾರೆ. ಎದುರಾಳಿ ಜನರಲ್ ಗ್ರಾಟ್ಸಿಯಾನಿಯ ಪಾತ್ರ ಆಲಿವರ್ ರೀಡ್ ಅವರದು. ಮುಸೊಲಿನಿಯಾಗಿ ರಾಡ್ ಸ್ಟೈಗರ್, ಸಂಗೀತ ಮಾರಿಸ್ ಜಾರ್. ನಿರ್ದೇಶಕ ಮುಸ್ತಫಾ ಅಕ್ಕದ್, ಸಿರಿಯಾದ ಅಲೆಪ್ಪೊದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಚಿತ್ರದ ಖರ್ಚು 3.5 ಕೋಟಿ ಡಾಲರ್. ಆ ಕಾಲಕ್ಕೆ ಅದು ಭಾರೀ ಮೊತ್ತ. ಥಿಯೇಟರುಗಳಿಂದ ವಾಪಸ್ ಬಂದದ್ದು ಅದರಲ್ಲಿ ಒಂದು ಸಣ್ಣ ಚೂರು ಮಾತ್ರ.

ಗಲ್ಲಾಪೆಟ್ಟಿಗೆಯಲ್ಲಿ ಬಿದ್ದ ಚಿತ್ರಕ್ಕೆ ಇನ್ನೊಂದು ಏಟೂ ಬಿತ್ತು. 1982ರಲ್ಲಿ ಇಟಲಿ ಅದನ್ನು ತಡೆಯಿತು. ಸೇನೆಯ ಗೌರವಕ್ಕೆ ಧಕ್ಕೆ ತರುತ್ತದೆ ಅನ್ನುವುದು ಕಾರಣ. ಅಲ್ಲಿನ ಟಿವಿಯಲ್ಲಿ ಅದು ಪ್ರಸಾರವಾಗಲು 2009ರ ಜೂನ್ ತಿಂಗಳೇ ಬರಬೇಕಾಯಿತು. ಅದೂ ಆಗ ಲಿಬಿಯಾ ಆಳುತ್ತಿದ್ದ ಗಡಾಫಿ ರೋಮ್‌ಗೆ ಭೇಟಿ ಕೊಟ್ಟ ಹೊತ್ತಿಗೆ. ವಿಮಾನದಿಂದ ಇಳಿದ ಗಡಾಫಿಯ ಸಮವಸ್ತ್ರದ ಎದೆಯ ಮೇಲೆ ಒಂದು ಕಪ್ಪು ಬಿಳುಪು ಫೋಟೊ ಅಂಟಿಸಿತ್ತು. ಬೇಡಿ ಹಾಕಿಸಿಕೊಂಡು ಇಟಲಿಯ ಅಧಿಕಾರಿಗಳ ನಡುವೆ ನಿಂತ ಒಮರ್ ಮುಖ್ತಾರ್ ಅವರ ಫೋಟೊ ಅದು. ಅದಕ್ಕೂ ಮುಂಚೆ 2008ರ ಆಗಸ್ಟ್‌ನಲ್ಲಿ ಬೆನ್ಗಾಜಿಯಲ್ಲಿ ಇಟಲಿ ಒಪ್ಪಂದವೊಂದಕ್ಕೆ ಸಹಿ ಹಾಕಿತ್ತು. ವಸಾಹತು ಕಾಲದ ತಪ್ಪಿಗೆ ಪರಿಹಾರವಾಗಿ 500 ಕೋಟಿ ಡಾಲರ್ ಕೊಡುವ ಒಪ್ಪಂದ. ಅಂದರೆ ದುಡ್ಡಿನ ಮಾತು ಮುಗಿದ ಮೇಲೆಯೇ ಅಲ್ಲಿನ ಜನ ತಮ್ಮ ಮನೆಯ ಟಿವಿಯಲ್ಲಿ ಆ ಚಿತ್ರ ಕಂಡರು.

ಯಾವುದನ್ನು ಕಂಡು ಒಂದು ಸರ್ಕಾರ ಅಷ್ಟು ಗಾಬರಿಯಾಯಿತು? ಯುದ್ಧದ ದೃಶ್ಯಗಳಂತೂ ಆಗಿರಲಾರವು. ಸೈನಿಕರು ಗುಂಡು ಹಾರಿಸುವುದನ್ನು ಎಲ್ಲ ದೇಶದವರೂ ತೋರಿಸುತ್ತಾರೆ. ಲಿಬಿಯಾದ ಜನರ ಹಳ್ಳಿ, ದನಕರು, ಬೆಳೆ, ಕೊನೆಗೆ ಜನರನ್ನೇ ಇಟಲಿಯವರು ಏನು ಮಾಡಿದರು ಅನ್ನುವುದನ್ನು ಈ ಚಿತ್ರ ತೋರಿಸುತ್ತದೆ. ಅದಕ್ಕೇ ನಾನು ಆ ಜನರನ್ನು ಕೂಡಿಹಾಕಿದ ಶಿಬಿರಗಳ ಮಾತಿಗೆ ಬರುತ್ತೇನೆ.

ಮೊದಲು ಜಾಗ ಅರ್ಥವಾಗಬೇಕು. ಚಿತ್ರದ ಹೆಸರಿನಲ್ಲಿ ಮರುಭೂಮಿ ಇದೆ. ಒಮರ್ ಮುಖ್ತಾರ್ ಅವರ ಹೋರಾಟ ಹೆಚ್ಚಾಗಿ ನಡೆದದ್ದು ಬೆಟ್ಟದಲ್ಲಿ. ಜಬಲ್ ಅಖ್ದರ್, ಹಸಿರು ಬೆಟ್ಟ ಅಂತ ಅದರ ಹೆಸರು. ಮೆಡಿಟರೇನಿಯನ್ ಸಮುದ್ರದ ದಂಡೆಗೆ ಹತ್ತಿರವೇ ಎದ್ದು ನಿಂತ ಸಾಲು. ಎತ್ತರ ಸುಮಾರು 880 ಮೀಟರ್ ತನಕ ಹೋಗುತ್ತದೆ. ಅಲ್ಲಿ ಚೆನ್ನಾಗಿ ಮಳೆ ಬೀಳುತ್ತದೆ. ಜುನಿಪರ್ ಮರಗಳ ಕಾಡು, ಆಳವಾದ ಕಣಿವೆ, ಕಣಿವೆಯ ಗೋಡೆಗಳ ತುಂಬ ಗುಹೆ. ಕುರಿ ಮೇಕೆ ಸಾಕುವ, ಬಾರ್ಲಿ ಬೆಳೆಯುವ ಬದೂಯಿನ್ ಬುಡಕಟ್ಟುಗಳ ಸೀಮೆ ಅದು. ಒಂದು ಕುದುರೆ, ಒಂದು ರೈಫಲ್ ಇಟ್ಟುಕೊಂಡವನಿಗೆ ಅಲ್ಲಿ ಬಚ್ಚಿಟ್ಟುಕೊಳ್ಳಲು ಸಾವಿರ ಜಾಗ. ಟ್ಯಾಂಕಿಗೆ, ಲಾರಿಗೆ ಅಲ್ಲಿ ಏನೂ ಮಾಡಲು ಆಗುತ್ತಿರಲಿಲ್ಲ.

ಇಟಲಿ ಲಿಬಿಯಾಕ್ಕೆ ಬಂದದ್ದು 1911ರಲ್ಲಿ. ಆಗ ಅದು ಆಟೊಮನ್ ತುರ್ಕರ ಕೈಯಲ್ಲಿತ್ತು. ಅದೇ ವರ್ಷ ನವೆಂಬರ್ 1ರಂದು ಜೂಲಿಯೊ ಗವೊತ್ತಿ ಎಂಬ ಇಟಲಿಯ ಪೈಲಟ್ ಟ್ರಿಪೊಲಿ ಬಳಿಯ ಐನ್ ಜಾರಾ ಮತ್ತು ತಜೂರಾ ಮೇಲೆ ಕೈಯಿಂದಲೇ ಸಣ್ಣ ಬಾಂಬುಗಳನ್ನು ಎಸೆದ. ಹಾರುವ ವಿಮಾನದಿಂದ ನೆಲದ ಮೇಲೆ ಬಾಂಬ್ ಹಾಕಿದ್ದು ಲೋಕದಲ್ಲಿ ಅದೇ ಮೊದಲು. ನಮ್ಮಲ್ಲಿ ಎಷ್ಟು ಜನ ಇದನ್ನು ಶಾಲೆಯಲ್ಲಿ ಓದಿದ್ದೇವೆ? ವಸಾಹತು ಅಂದರೆ ನಮಗೆ ಬ್ರಿಟಿಷರು, ಪೋರ್ಚುಗೀಸರು, ಹೆಚ್ಚೆಂದರೆ ಫ್ರೆಂಚರು. ಇಟಲಿಯನ್ನು ಆ ಸಾಲಿನಲ್ಲಿ ನಿಲ್ಲಿಸುವ ಅಭ್ಯಾಸವೇ ನಮಗಿಲ್ಲ.

1922ರಲ್ಲಿ ಮುಸೊಲಿನಿ ಅಧಿಕಾರಕ್ಕೆ ಬಂದ ಮೇಲೆ ಯುದ್ಧ ಜೋರಾಯಿತು. ಬೆಟ್ಟದಲ್ಲಿ ಒಂದು ಹೊತ್ತಿಗೆ ಇರುತ್ತಿದ್ದ ಹೋರಾಟಗಾರರು ಸಾವಿರದ ಆಸುಪಾಸು ಅಷ್ಟೇ. ಆದರೆ ಅವರ ಬೆನ್ನಿಗೆ ಇಡೀ ಸೀಮೆಯೇ ಇತ್ತು. ಹಗಲು ಇಟಲಿಯವರಿಗೆ ಸಲಾಂ ಹೊಡೆದ ಕುಟುಂಬವೇ ರಾತ್ರಿ ಬೆಟ್ಟಕ್ಕೆ ಕಾಳು, ಗುಂಡು, ಸುದ್ದಿ ಕಳಿಸುತ್ತಿತ್ತು. ಹೋರಾಟಗಾರ ಸತ್ತರೆ ಅವನ ತಮ್ಮ ಬಂದು ಅದೇ ರೈಫಲ್ ಹಿಡಿಯುತ್ತಿದ್ದ. ಈ ಹೊಕ್ಕುಳಬಳ್ಳಿ ಕತ್ತರಿಸದೆ ಗೆಲುವಿಲ್ಲ ಅನ್ನುವುದು ಇಟಲಿಯವರಿಗೆ ತಿಳಿಯಿತು. 1929ರಲ್ಲಿ ಒಂದಷ್ಟು ಸಂಧಾನ ನಡೆದು ಮುರಿದುಬಿತ್ತು. 1930ರ ಮಾರ್ಚ್‌ನಲ್ಲಿ ರೊಡೊಲ್ಫೊ ಗ್ರಾಟ್ಸಿಯಾನಿ ಸಿರೆನೈಕಾದ ಉಪ ಗವರ್ನರ್ ಆಗಿ ಬಂದ.

ಆ ವರ್ಷ ಜೂನ್ 20ರಂದು ಲಿಬಿಯಾದ ಗವರ್ನರ್ ಬಾಡೊಲ್ಯೊ ಗ್ರಾಟ್ಸಿಯಾನಿಗೆ ಒಂದು ಪತ್ರ ಬರೆದ. ಹೋರಾಟಗಾರರಿಗೂ ಜನರಿಗೂ ನಡುವೆ ದೊಡ್ಡ ಅಂತರ ಮಾಡಬೇಕು, ಇದರಿಂದ ಜನ ನಾಶವಾಗಬಹುದು ಅನ್ನುವುದು ಗೊತ್ತಿದೆ, ಸಿರೆನೈಕಾದ ಜನರೆಲ್ಲ ಅಳಿದುಹೋದರೂ ಸರಿ, ಕೊನೆ ಮುಟ್ಟಿಸಲೇಬೇಕು. ಪತ್ರದ ತಿರುಳು ಇಷ್ಟು. ಕೋಪದಲ್ಲಿ ಬಾಯಿತಪ್ಪಿ ಬಂದ ಮಾತಲ್ಲ ಇದು. ಕಚೇರಿಯ ಮೇಜಿನ ಮೇಲೆ ಕೂತು, ಯೋಚಿಸಿ ಬರೆದು, ಸಹಿ ಹಾಕಿದ ಕಾಗದ. ಇಂದಿಗೂ ಇತಿಹಾಸಕಾರರ ಕೈಗೆ ಸಿಗುತ್ತದೆ.

ಆಮೇಲೆ ನಡೆದದ್ದು ಹೀಗೆ. ಬೆಟ್ಟದ ಸೀಮೆಯಿಂದ, ಟೊಬ್ರುಕ್ ಕಡೆಯ ಬಯಲಿನಿಂದ ಸುಮಾರು 1 ಲಕ್ಷ ಜನರನ್ನು ಎಬ್ಬಿಸಿದರು. ಹೆಂಗಸರು, ಮಕ್ಕಳು, ಮುದುಕರು, ಅವರ ಒಂಟೆ, ಕುರಿ, ಮೇಕೆ ಎಲ್ಲವನ್ನೂ ಸೈನಿಕರ ಕಾವಲಿನಲ್ಲಿ ನಡೆಸಿದರು. ಕೆಲವರದು ನೂರಾರು ಕಿಲೋಮೀಟರ್ ದಾರಿ. ನಡೆಯಲಾರದೆ ಹಿಂದೆ ಬಿದ್ದವರನ್ನು ಅಲ್ಲೇ ಗುಂಡಿಟ್ಟು ಕೊಂದದ್ದೂ ಉಂಟು. ಕೊನೆಗೆ ಅವರನ್ನು ತಂದು ಕೂರಿಸಿದ್ದು ಬೆನ್ಗಾಜಿಯ ದಕ್ಷಿಣದಿಂದ ಸಿರ್ತ್ ಕಡೆಗೆ ಹಬ್ಬಿದ ಬೋಳು ನೆಲದಲ್ಲಿ. ಸುಲೂಕ್, ಮಗ್ರೂನ್, ಬ್ರೇಗಾ, ಅಘೈಲಾ. ಸಾಲುಸಾಲು ಹರಕು ಡೇರೆ, ಸುತ್ತ ಮುಳ್ಳುತಂತಿ. ಮೇಯಿಸಲು ಹುಲ್ಲಿಲ್ಲದೆ ಮಂದೆಗಳು ಸತ್ತವು. ಮಂದೆ ಸತ್ತರೆ ಬದೂಯಿನ್ ಕುಟುಂಬಕ್ಕೆ ಹಾಲಿಲ್ಲ, ಉಣ್ಣೆಯಿಲ್ಲ, ಮಾರಲು ಏನೂ ಇಲ್ಲ. ಹಸಿವಿನ ಹಿಂದೆಯೇ ಟೈಫಸ್ ಜ್ವರ ಬಂತು. ಚಿಕಿತ್ಸೆ ಅನ್ನುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 1933ರ ಸುಮಾರಿಗೆ ಶಿಬಿರಗಳನ್ನು ಮುಚ್ಚುವ ಹೊತ್ತಿಗೆ 40 ಸಾವಿರ ಜನ ಸತ್ತಿದ್ದರು ಅನ್ನುವ ಇತಿಹಾಸಕಾರರಿದ್ದಾರೆ, 60 ಸಾವಿರ ದಾಟುತ್ತದೆ ಅನ್ನುವವರೂ ಇದ್ದಾರೆ. ಯಾವುದನ್ನೇ ತೆಗೆದುಕೊಂಡರೂ ಶಿಬಿರಕ್ಕೆ ಹೋದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಸತ್ತರು.

ಇದು ಯುರೋಪಿನಲ್ಲಿ ನಾಜಿಗಳು ಶಿಬಿರ ತೆರೆಯುವುದಕ್ಕೆ ಮುಂಚಿನ ಮಾತು. ದಯವಿಟ್ಟು ಗಮನಿಸಿ. ಗ್ರಾಟ್ಸಿಯಾನಿ ಇದನ್ನೆಲ್ಲ ಮುಚ್ಚಿಡಲೂ ಇಲ್ಲ. ತಾನೇ ಪುಸ್ತಕ ಬರೆದ, ಹೆಮ್ಮೆಯಿಂದ.

ಇಷ್ಟಾದರೂ ಬೆಟ್ಟದಲ್ಲಿ ಹೋರಾಟ ನಿಲ್ಲಲಿಲ್ಲ. ಈಜಿಪ್ಟ್ ಕಡೆಯಿಂದ ಇನ್ನೂ ಸಾಮಾನು ಬರುತ್ತಿತ್ತು. ಅದಕ್ಕೆ 1931ರಲ್ಲಿ ಸಮುದ್ರದ ದಂಡೆಯ ಬಾರ್ದಿಯಾದಿಂದ ಒಳನಾಡಿನ ಜಗ್ಬೂಬ್ ತನಕ ಸುಮಾರು 270 ಕಿಲೋಮೀಟರ್ ಉದ್ದ ಮುಳ್ಳುತಂತಿಯ ಬೇಲಿ ಹಾಕಿದರು. ಚಿತ್ರದಲ್ಲಿ ಈ ಬೇಲಿ ಏಳುವುದನ್ನು ತೋರಿಸುವ ಭಾಗ ಇದೆ. ಮರಳಿನಲ್ಲಿ ಗೂಟ ನೆಡುತ್ತಾ, ತಂತಿಯ ಸುರುಳಿ ಬಿಚ್ಚುತ್ತಾ ಹೋಗುತ್ತಾರೆ. ಕ್ಯಾಮೆರಾ ಹಿಂದೆ ಸರಿದಂತೆ ಬೇಲಿ ದಿಗಂತದ ತನಕ ಕಾಣುತ್ತದೆ. ಮೊಬೈಲಿನಲ್ಲಿ ನೋಡಿದರೆ ಅದು ಒಂದು ಗೆರೆ ಅಷ್ಟೇ. ದೊಡ್ಡ ಪರದೆ ಬೇಕು ಅಂತ ನಾನು ಹಟ ಹಿಡಿಯಲು ಇದೂ ಒಂದು ಕಾರಣ. ಅಷ್ಟು ಉದ್ದದ ತಂತಿ ಒಂದು ಜನಾಂಗದ ಕೊರಳಿಗೆ ಹೇಗೆ ಬಿಗಿಯಿತು ಅನ್ನುವುದು ಅಗಲವಾದ ಚೌಕಟ್ಟಿನಲ್ಲಿ ಮಾತ್ರ ಗೊತ್ತಾಗುತ್ತದೆ.

ಚಿತ್ರದ ಒಳ್ಳೆಯ ಗುಣಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ನಾಯಕನ ವಯಸ್ಸು. ಚಿತ್ರದ ಶುರುವಿನಲ್ಲೇ ಒಮರ್ ಮುಖ್ತಾರ್ ಮಕ್ಕಳ ಮುಂದೆ ಕೂತು ಪಾಠ ಹೇಳುತ್ತಾರೆ. ಮೂಗಿನ ಮೇಲೆ ದುಂಡು ಕನ್ನಡಕ. ದನಿ ಎತ್ತುವುದಿಲ್ಲ. ಯುದ್ಧಕ್ಕೆ ಹೊರಟಾಗಲೂ ಅವರ ನಡಿಗೆ ಮೇಷ್ಟ್ರ ನಡಿಗೆಯೇ. ಕುದುರೆ ಹತ್ತುವಾಗ ಮೈ ಭಾರವಾಗಿರುವುದು ಗೊತ್ತಾಗುತ್ತದೆ. ಕ್ವಿನ್ ಅದನ್ನು ಮರೆಸಲು ಹೋಗುವುದಿಲ್ಲ. ಇಪ್ಪತ್ತು ಜನರನ್ನು ಒಬ್ಬನೇ ಹೊಡೆದುರುಳಿಸುವ ನಾಯಕರನ್ನು ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೆ ಈ ಮುದುಕರ ಎಚ್ಚರ, ತಾಳ್ಮೆ, ಲೆಕ್ಕಾಚಾರ ಬೇರೆಯೇ ರುಚಿ ಕೊಡುತ್ತದೆ. ಸೆರೆಸಿಕ್ಕ ಇಟಲಿಯ ಒಬ್ಬ ಎಳೆಯ ಅಧಿಕಾರಿಯನ್ನು ಅವರು ಕೊಲ್ಲಲು ಬಿಡುವುದಿಲ್ಲ. ಅವನ ದೇಶದ ಬಾವುಟವನ್ನೇ ಅವನ ಕೈಗೆ ಕೊಟ್ಟು ವಾಪಸ್ ಕಳಿಸುತ್ತಾರೆ. ಆ ಹುಡುಗನ ಮುಖ ನೋಡಿ. ಹೆದರಿಕೆ ಹೋಗಿ ನಾಚಿಕೆ ಬರುತ್ತದೆ.

ಇಟಲಿಯವರೆಲ್ಲ ರಾಕ್ಷಸರು ಅಂತಲೂ ಚಿತ್ರ ಹೇಳುವುದಿಲ್ಲ. ರಾಫ್ ವಲೋನೆ ಮಾಡಿದ ಕರ್ನಲ್ ಪಾತ್ರಕ್ಕೆ ತನ್ನವರು ಮಾಡುತ್ತಿರುವುದು ಏನೆಂದು ಗೊತ್ತು, ಗೊತ್ತಿದ್ದೂ ಕೆಲಸ ಮಾಡುತ್ತಾನೆ. ಗ್ರಾಟ್ಸಿಯಾನಿಯಾಗಿ ಆಲಿವರ್ ರೀಡ್ ಅಬ್ಬರಿಸುವುದಕ್ಕಿಂತ ಹೆಚ್ಚು ಸುಮ್ಮನೆ ನಿಲ್ಲುತ್ತಾರೆ. ನಿಂತೇ ಹೆದರಿಸುತ್ತಾರೆ. ತನ್ನ ಕೆಲಸ ಸರಿ ಅಂತ ಪೂರ್ತಿ ನಂಬಿದ ಅಧಿಕಾರಿ ಅವನು. ಅಂಥವನ ಮುಂದೆ ಕೂತಾಗಲೇ ಶಿಬಿರಗಳು ಹೇಗೆ ಸಾಧ್ಯವಾದವು ಅನ್ನುವುದು ಅರ್ಥವಾಗುವುದು.

ಸೋಲಿನ ಕಥೆಯನ್ನು ಚಿತ್ರ ಸೋಲಾಗಿಯೇ ಹೇಳುತ್ತದೆ, ಅದೂ ನನಗೆ ಮುಖ್ಯ. 1931ರ ಸೆಪ್ಟೆಂಬರ್ 11ರಂದು ಸ್ಲೊಂತಾ ಬಳಿ ಒಮರ್ ಮುಖ್ತಾರ್ ಸೆರೆಸಿಕ್ಕರು. 15ರಂದು ಬೆನ್ಗಾಜಿಯಲ್ಲಿ ವಿಚಾರಣೆ, ಒಂದು ಗಂಟೆ ಚಿಲ್ಲರೆ. ಅಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಗಲ್ಲಿಗೇರಿಸಬೇಕು, ಅದೂ ಶಿಬಿರದಲ್ಲೇ ಅಂತ ಬಾಡೊಲ್ಯೊ ಮೊದಲೇ ಹೇಳಿ ಕಳಿಸಿದ್ದ. ಅವರ ಪರ ವಾದಿಸಲು ನೇಮಕವಾಗಿದ್ದ ಇಟಲಿಯ ಕ್ಯಾಪ್ಟನ್ ರೊಬೆರ್ತೊ ಲೊಂತಾನೊ ತನ್ನ ಕೆಲಸವನ್ನು ನಿಜವಾಗಿ ಮಾಡಲು ಹೋದ. ಅದಕ್ಕೆ ಅವನಿಗೇ ಶಿಕ್ಷೆಯಾಯಿತು. ಮರುದಿನ, ಸೆಪ್ಟೆಂಬರ್ 16ರ ಬೆಳಿಗ್ಗೆ, ಸುಲೂಕ್ ಶಿಬಿರದಲ್ಲಿ ಸುಮಾರು 20 ಸಾವಿರ ಜನರನ್ನು ಸೇರಿಸಿ ಅವರೆಲ್ಲರ ಎದುರಿಗೆ ಒಮರ್ ಮುಖ್ತಾರ್ ಅವರನ್ನು ನೇಣಿಗೆ ಹಾಕಿದರು. ನೋಡುತ್ತಾ ನಿಂತವರು ಅವರ ಬುಡಕಟ್ಟಿನವರು, ಅವರಿಗೆ ಕಾಳು ಕಳಿಸಿದವರು, ಅವರಿಂದ ಪಾಠ ಕಲಿತವರು. ಚಿತ್ರದಲ್ಲಿ ಈ ಭಾಗ ಬಂದಾಗ ನಾಯಕನ ಮುಖವನ್ನಷ್ಟೇ ನೋಡಬೇಡಿ, ಬೇಲಿಯೊಳಗಿನ ಗುಂಪನ್ನೂ ನೋಡಿ ಅಂತ ಪ್ರೇಕ್ಷಕರಿಗೆ ಮೊದಲೇ ಹೇಳಿ.

ಚಿತ್ರದಲ್ಲಿ ಕೊರತೆಗಳಿವೆ. ಅದನ್ನೂ ಮುಚ್ಚಿಡಬಾರದು. ಅರಬ್ಬರೂ ಇಟಲಿಯವರೂ ಎಲ್ಲರೂ ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಟ್ಯಾಂಕ್, ಸ್ಫೋಟ ಎಲ್ಲ ಸ್ವಲ್ಪ ಜಾಸ್ತಿಯೇ ಆಯಿತು. ಶಿಬಿರಕ್ಕೆ ಕೊಡಬೇಕಾದ ಹೊತ್ತನ್ನು ಅವು ತಿಂದುಹಾಕಿವೆ. ಎರಿಟ್ರಿಯಾದಿಂದ ಇಟಲಿ ತಂದ ಅಸ್ಕರಿ ಸೈನಿಕರು ಬೆಟ್ಟದ ಯುದ್ಧದ ಬಹುಪಾಲು ಭಾರ ಹೊತ್ತಿದ್ದರು. ಅವರಿಗೆ ಇಲ್ಲಿ ತಕ್ಕ ಜಾಗ ಸಿಕ್ಕಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ದುಡ್ಡಿನದು. ಈ ಚಿತ್ರಕ್ಕೆ ಹಣ ಹಾಕಿದ್ದು ಗಡಾಫಿಯ ಸರ್ಕಾರ. ಅದರ ಗುರುತು ಚಿತ್ರದಲ್ಲಿ ಕಾಣುತ್ತದೆ. ಒಮರ್ ಮುಖ್ತಾರ್ ಸೆನುಸ್ಸಿ ಎಂಬ ಸೂಫಿ ಪಂಥದವರು. 1843ರಲ್ಲಿ ಅಲ್ ಬೈದಾದಲ್ಲಿ ಸಿರೆನೈಕಾದಲ್ಲಿನ ಆ ಪಂಥದ ಮೊದಲ ಝಾವಿಯಾ ಶುರುವಾಯಿತು. ಝಾವಿಯಾ ಅಂದರೆ ಪಾಠಶಾಲೆ, ಛತ್ರ, ನ್ಯಾಯ ಪಂಚಾಯಿತಿ ಮೂರೂ ಸೇರಿದ ಮಠ. ಬುಡಕಟ್ಟುಗಳ ನಡುವಿನ ಜಗಳ ತೀರಿಸಿ ಅವರನ್ನು ಒಂದೇ ಕಡೆ ನಿಲ್ಲಿಸಿದ್ದು ಈ ಪಂಥ. ಹೋರಾಟದ ಬೆನ್ನೆಲುಬು ಅದೇ. ಅದೇ ಮನೆತನದ ಇದ್ರೀಸ್ ಮುಂದೆ ಲಿಬಿಯಾದ ರಾಜರಾದರು. 1969ರಲ್ಲಿ ಅವರನ್ನು ಇಳಿಸಿಯೇ ಗಡಾಫಿ ಅಧಿಕಾರ ಹಿಡಿದದ್ದು. ಹಾಗಾಗಿ ಚಿತ್ರದಲ್ಲಿ ಸೆನುಸ್ಸಿಗಳು ಹಿಂದಕ್ಕೆ ಸರಿದರು. ಇನ್ನು ಗಡಾಫಿಯ ಆಳ್ವಿಕೆಯಲ್ಲಿ, ಟ್ರಿಪೊಲಿಯ ಅಬು ಸಲೀಂ ಜೈಲಿನಲ್ಲಿ 1996ರಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕೊಂದರು. ಒಮರ್ ಮುಖ್ತಾರ್ ಅವರ ಫೋಟೊ ಎದೆಗೆ ಅಂಟಿಸಿಕೊಂಡವನ ಕೈಯಲ್ಲೂ ರಕ್ತ ಇತ್ತು. 2011ರಲ್ಲಿ ಅದೇ ಬೆನ್ಗಾಜಿಯ ಜನ ಅದೇ ಮುದುಕರ ಚಿತ್ರ ಹಿಡಿದು ಗಡಾಫಿಯ ವಿರುದ್ಧ ಬೀದಿಗಿಳಿದರು. ಇದನ್ನೆಲ್ಲ ಚಿತ್ರ ತೋರಿಸುವ ಮುಂಚೆ ಹೇಳಲೇಬೇಕು. ಗಡಾಫಿ ದುಡ್ಡಿನ ಚಿತ್ರ ಅಂತ ಪಕ್ಕಕ್ಕೆ ತಳ್ಳುವುದು ಮಾತ್ರ ಬೇಡ. ಯಾಕೆಂದರೆ ಶಿಬಿರಗಳ ಸುದ್ದಿ ಗಡಾಫಿಯ ಕಟ್ಟುಕಥೆಯಲ್ಲ. ಆಂಜೆಲೊ ದೆಲ್ ಬೋಕ, ಜಾರ್ಜೊ ರೊಷಾ ಮುಂತಾದ ಇಟಲಿಯ ಇತಿಹಾಸಕಾರರೇ ತಮ್ಮ ದೇಶದ ಕಡತಗಳನ್ನು ಕೆದಕಿ, ಬೈಗುಳ ತಿಂದು, ಇದನ್ನು ಹೊರಗೆ ತಂದಿದ್ದಾರೆ.

ಗ್ರಾಟ್ಸಿಯಾನಿ ಏನಾದ ಅಂತ ಕೇಳಬಹುದು. ಲಿಬಿಯಾದ ಮೇಲೆ ಇಥಿಯೋಪಿಯಾಕ್ಕೆ ಹೋದ. 1937ರ ಫೆಬ್ರವರಿಯಲ್ಲಿ ಆಡಿಸ್ ಅಬಾಬಾದಲ್ಲಿ ನಡೆದ ಕಗ್ಗೊಲೆ ಅವನ ಆಳ್ವಿಕೆಯದೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವನಿಗೆ ಶಿಕ್ಷೆಯಾದದ್ದು ನಾಜಿಗಳ ಜೊತೆ ಸೇರಿದ್ದಕ್ಕೆ. ಸ್ವಲ್ಪ ತಿಂಗಳಲ್ಲೇ ಹೊರಗೆ ಬಂದ. ಶಿಬಿರಗಳಿಗಾಗಿ ಅವನನ್ನು ಯಾವ ಕೋರ್ಟೂ ಕರೆಯಲಿಲ್ಲ. 2012ರಲ್ಲಿ ರೋಮ್ ಹತ್ತಿರದ ಅಫೀಲೆ ಎಂಬ ಊರಿನಲ್ಲಿ ಸರ್ಕಾರಿ ದುಡ್ಡಿನಲ್ಲೇ ಅವನಿಗೆ ಸ್ಮಾರಕ ಕಟ್ಟಿದರು. ಬಾಡೊಲ್ಯೊ 1943ರಲ್ಲಿ ಇಟಲಿಯ ಪ್ರಧಾನಿಯೇ ಆದ. ಕೋರ್ಟು ಕರೆಯದವರನ್ನು ಪರದೆಯ ಮೇಲಾದರೂ ಕರೆಯಬೇಕಲ್ವಾ?

ಲಿಬಿಯಾದ ಕಥೆ ಕನ್ನಡದವರಿಗೆ ಯಾಕೆ ಅಂತ ಕೇಳುವವರು ಇರುತ್ತಾರೆ. ಕೊಂಡಿ ಇಲ್ಲದೇನಿಲ್ಲ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದು ಬೆಟಾಲಿಯನ್ 1942ರ ಜೂನ್‌ನಲ್ಲಿ ಟೊಬ್ರುಕ್‌ನಲ್ಲಿತ್ತು, ಆ ಊರು ಶತ್ರುಗಳ ಕೈಗೆ ಬಿದ್ದಾಗ ಸೆರೆಸಿಕ್ಕಿತು. ಬ್ರಿಟಿಷರ ಸೈನಿಕರಾಗಿ ನಮ್ಮವರು ನಿಂತಿದ್ದ ನೆಲ, ಹತ್ತು ಹನ್ನೆರಡು ವರ್ಷ ಮುಂಚೆ ಜನರನ್ನು ಎಬ್ಬಿಸಿ ಶಿಬಿರಕ್ಕೆ ನಡೆಸಿದ ಅದೇ ನೆಲ. ಇಟಲಿಯ ಪರ ಎರಿಟ್ರಿಯಾದ ಬಡ ಹುಡುಗರು, ಬ್ರಿಟನ್ ಪರ ನಮ್ಮ ಬಡ ಹುಡುಗರು. ಇನ್ನೊಬ್ಬರ ಸಾಮ್ರಾಜ್ಯಕ್ಕಾಗಿ ಸತ್ತವರ ಪಟ್ಟಿಯಲ್ಲಿ ನಮ್ಮ ಜಿಲ್ಲೆಗಳ ಹೆಸರೂ ಇವೆ. 2015ರಲ್ಲಿ ಸಿರ್ತ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಕರ್ನಾಟಕದ ಇಬ್ಬರು ಅಪಹರಣಕ್ಕೊಳಗಾಗಿ ಬಿಡುಗಡೆಯಾದಾಗ ಆ ಊರಿನ ಹೆಸರು ನಮ್ಮ ಮನೆಮನೆಯಲ್ಲೂ ಕೇಳಿಬಂತು. ಆ ಕರಾವಳಿಗೆ ಹಿಂದೆ ಏನಾಗಿತ್ತು ಅನ್ನುವುದು ಮಾತ್ರ ಯಾವ ಸುದ್ದಿಯಲ್ಲೂ ಬರಲಿಲ್ಲ.

ಈಗ ಕೆಲಸದ ಮಾತು.

ಸಬ್‌ಟೈಟಲ್ ಕನ್ನಡದಲ್ಲಿರಲಿ. ಇಂಗ್ಲಿಷ್ ಚಿತ್ರ ತಾನೇ, ಎಲ್ಲರಿಗೂ ಅರ್ಥವಾಗುತ್ತದೆ ಅಂದುಕೊಳ್ಳಬೇಡಿ. ಗುಂಡಿನ ಸದ್ದಿನ ನಡುವೆ, ಬೇರೆ ಬೇರೆ ಉಚ್ಚಾರದ ಇಂಗ್ಲಿಷನ್ನು ಹಿಡಿಯುವುದು ಪಳಗಿದವರಿಗೂ ಕಷ್ಟ. ಊರಿಂದ ಬಸ್ ಹತ್ತಿ ಚಿತ್ರೋತ್ಸವಕ್ಕೆ ಬರುವ ಕಾಲೇಜು ಹುಡುಗ ಹುಡುಗಿಯರು ಮೂರು ಗಂಟೆ ಊಹೆಯಲ್ಲೇ ಕೂರಬಾರದು.

ಚಿತ್ರಕ್ಕೆ ಮೊದಲು ಒಂದು ನಕ್ಷೆ ತೋರಿಸಿ, ಹತ್ತು ನಿಮಿಷ ಮಾತಾಡಿ. ಹಸಿರು ಬೆಟ್ಟ ಎಲ್ಲಿದೆ, ಶಿಬಿರಗಳು ಎಲ್ಲಿದ್ದವು, ಬೇಲಿ ಎಲ್ಲಿಂದ ಎಲ್ಲಿಗೆ ಹೋಯಿತು. ಇಷ್ಟು ಗೊತ್ತಿದ್ದರೆ ಚಿತ್ರ ಎರಡು ಪಟ್ಟು ಅರ್ಥವಾಗುತ್ತದೆ. ನಡುವೆ ವಿರಾಮ ಕೊಡಿ, ಚಿತ್ರ ಉದ್ದ ಇದೆ. ಕೊನೆಯಲ್ಲಿ ಚರ್ಚೆ ಕನ್ನಡದಲ್ಲೇ ನಡೆಯಲಿ, ನಟರ ಬಗ್ಗೆಯೇ ಮುಗಿದುಹೋಗದಿರಲಿ. ಅಕ್ಕದ್ ಅವರ ಬಗ್ಗೆಯೂ ಒಂದು ಮಾತು ಹೇಳಿ. ಮುಸ್ಲಿಂ ಜಗತ್ತಿನ ಕಥೆಯನ್ನು ಪಶ್ಚಿಮದ ಪ್ರೇಕ್ಷಕರಿಗೆ ಮುಟ್ಟಿಸಲು ಜೀವನವಿಡೀ ಒದ್ದಾಡಿದ ಆ ಮನುಷ್ಯ 2005ರಲ್ಲಿ ಅಮ್ಮಾನ್‌ನ ಹೋಟೆಲಿನಲ್ಲಿ ಭಯೋತ್ಪಾದಕರ ಬಾಂಬಿಗೆ ಮಗಳ ಜೊತೆ ಬಲಿಯಾದರು.

ಇನ್ನೊಂದು ಆಸೆ. ಅಘೈಲಾ ಶಿಬಿರದಲ್ಲಿ ಸೆರೆಯಿದ್ದ ಒಬ್ಬ ಕವಿ, ಒಮರ್ ಮುಖ್ತಾರ್ ಅವರ ಬುಡಕಟ್ಟಿನವರೇ, ಬೇಲಿಯೊಳಗೇ ಒಂದು ಉದ್ದನೆಯ ಕವಿತೆ ಕಟ್ಟಿದರು. ಜನ ಅದನ್ನು ಬಾಯಿಪಾಠ ಮಾಡಿ ಹೊರಗೆ ತಂದರು. ಲಿಬಿಯಾದಲ್ಲಿ ಈಗಲೂ ಜನ ಅದನ್ನು ಹೇಳುತ್ತಾರೆ. ಚಿತ್ರದಲ್ಲಿ ಶಿಬಿರದ ಜನ ಹೆಚ್ಚು ಮಾತಾಡುವುದಿಲ್ಲ, ಈ ಕವಿತೆಯಲ್ಲಿ ಅವರೇ ಮಾತಾಡುತ್ತಾರೆ. ಅರಬ್ಬಿ ಬಲ್ಲವರು ನಮ್ಮ ಕರಾವಳಿಯಲ್ಲಿ, ಕಲಬುರಗಿಯಲ್ಲಿ, ವಿಜಯಪುರದಲ್ಲಿ ಎಷ್ಟೋ ಜನರಿದ್ದಾರೆ. ಅವರಲ್ಲಿ ಒಬ್ಬರನ್ನೂ ಒಬ್ಬ ಕನ್ನಡ ಕವಿಯನ್ನೂ ಜೊತೆಗೆ ಕೂರಿಸಿ ಅದನ್ನು ಕನ್ನಡಕ್ಕೆ ತರಿಸಿ. ಚಿತ್ರ ಮುಗಿದ ಮೇಲೆ ವೇದಿಕೆಯ ಮೇಲೆ ಯಾರಾದರೂ ಅದನ್ನು ಓದಲಿ, ಮೊದಲು ಅರಬ್ಬಿಯಲ್ಲಿ, ಆಮೇಲೆ ಕನ್ನಡದಲ್ಲಿ.

ಫಿಲ್ಮ್ ಸೊಸೈಟಿಯವರು ಚಿತ್ರೋತ್ಸವಕ್ಕೆ ಕಾಯಬೇಕಿಲ್ಲ. ಲಿಬಿಯಾದಲ್ಲಿ ಸೆಪ್ಟೆಂಬರ್ 16 ಹುತಾತ್ಮರ ದಿನ. ಆ ದಿನ ಶಿವಮೊಗ್ಗದಲ್ಲೋ, ಧಾರವಾಡದಲ್ಲೋ, ಮಂಗಳೂರಿನಲ್ಲೋ ಒಂದು ಪ್ರದರ್ಶನ ಇಟ್ಟುಕೊಳ್ಳಿ. ಪ್ರದರ್ಶನದ ಹಕ್ಕು ಯಾರ ಹತ್ತಿರ ಇದೆ ಅಂತ ವಿಚಾರಿಸಿ, ಅನುಮತಿ ತೆಗೆದುಕೊಂಡೇ ಮಾಡಿ. ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸಕ್ಕೆ ಜನ ಸಾಲದಿದ್ದರೆ ನಾನು ಸಿದ್ಧ. ಒಂದು ಮಾತು ಕಳಿಸಿ, ಬರುತ್ತೇನೆ.

ನಿಮ್ಮ ಉತ್ತರದ ನಿರೀಕ್ಷೆಯಲ್ಲಿ,
ನಿಮ್ಮ ಪ್ರದರ್ಶನಗಳ ಒಬ್ಬ ಕಾಯಂ ಪ್ರೇಕ್ಷಕ